ಆಗುಂಬೆಯ ಹಾದಿಯಲ್ಲಿ ಎಣ್ಣೆಯ ಜಾಡು

ತುಂಗಾತೀರದ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಮಾರ್ಗದ ಸೊಬಗು ನಮಗೆ ಅರ್ಧವೇ ಲಭಿಸಿತು. ನಮ್ಮ ಹಳೆಯ ಮೋಟಾರ್ ಸೈಕಲ್ಲು ನಿಂತಲ್ಲೆಲ್ಲ ಎಣ್ಣೆಯ ಬೊಟ್ಟಿಡುತ್ತಿದ್ದಿತು. ಮುಂದೆ ಸೋಮೇಶ್ವರಕ್ಕೆ ಇಳಿಯುವ ಘಟ್ಟದಲ್ಲಿ 14 ಕಡಿದಾದ ತಿರುವುಗಳು. ಹಿಂದಿನ ಚಕ್ರಕ್ಕೆ ಎಣ್ಣೆ ತಗುಲಿದರೆ ಅಲ್ಲಿ ಜಾರದೆ ಉಳಿಯುವುದು ದುಸ್ತರ.

ಎಣ್ಣೆ ತೊಟ್ಟಿಕ್ಕುವ ಸ್ಥಳವೇ ಸೋರುವ ಸ್ಥಳವೆಂದು ವಾಚಕರು ಭಾವಿಸಬಾರದು. ಓಟದ ಗಾಳಿಯು ಅದನ್ನು ಹಿಂದಕ್ಕೂ ಕೆಳಕ್ಕೂ ಒಯ್ಯುತ್ತದೆ. ಆದುದರಿಂದ ಆಗುಂಬೆಯಲ್ಲಿ, ಎಂಜಿನ್ನು ಆರಿದ ಮೇಲೆ, ಅದನ್ನು ಸೀಮೆಎಣ್ಣೆಯಿಂದ ತೊಳೆದು, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಮುಖಕ್ಕೆ ಹಚ್ಚುವ ಪೌಡರನ್ನು ಮೈಗೆಲ್ಲ ಉದುರಿಸಿದೆವು. (ಯಂತ್ರಕ್ಕೂ ಶೃಂಗಾರವೇ ಎಂದು ನೆರೆದ ಹುಡುಗರು ನಕ್ಕರು.) ಒಂದು ಮೈಲಿ ಮೆಲ್ಲನೆ ಓಡಿಸಿ ನೋಡಲು, ಬಿಳುಪಿನ ನಡುವೆ ಒದ್ದೆಯ ಗೆರೆಯೊಂದು ಸಿಲಿಂಡರಿನ ಬುಡದ ಸಂದಿನಿಂದ ಹೊರಟಿದ್ದಿತು. ಅಲ್ಲಿಯ ನಟ್ಟುಗಳೆಲ್ಲ ಬಿಗಿಯಾಗಿಯೇ ಇದ್ದವು! ಮತ್ತೆ ಹುಡುಕಲು, ಎಂಜಿನ್ನಿನ ಒಡಲಿನ ಗಾಳಿಯನ್ನು ಹೊರಬಿಡುವ ಸಣ್ಣ ಕೊಳವೆಯ ಬಾಯಿ ಕೆಸರಿನಿಂದ ಮುಚ್ಚಿಹೋಗಿದ್ದಿತು. ಪಿಸ್ಟನ್ನು ಇಳಿದಾಗಲೆಲ್ಲ ಒಳಗಿನ ಗಾಳಿಯು ಬೇರೆ ದಾರಿ ಕಾಣದೆ ಸಂದಿನಿಂದ ಎಣ್ಣೆಯನ್ನು ಹೊರದೂಡುತ್ತಿದ್ದಿತು.

ಕಡ್ಡಿಯಿಂದ ಕೆಸರನ್ನು ಬಿಡಿಸಿ, ಕಡಮೆಯಾದ ಎಣ್ಣೆಯನ್ನು ತುಂಬಿ, ಟೈರನ್ನು ಸಾಬೂನಿನಿಂದ ತೊಳೆದು, ಹೆಸರಾದ ಸೂರ್ಯಾಸ್ತವನ್ನೂ ನೋಡಿಕೊಂಡು ಘಟ್ಟವನ್ನಿಳಿದೆವು. ಸೋಮೇಶ್ವರದಲ್ಲಿ ಗಾಡಿಯ ಅಡಿಯಲ್ಲಿ ಹಾಸಿದ ಕಾಗದವು ಬೆಳಗಿನವರೆಗೂ ಒಣಗಿಯೇ ಇದ್ದಿತು.