ಹುಣ್ಣಿಮೆಗೆ ಕೂಡುವ ಮೀನುಗಳು

ಕೆರಿಬಿಯನ್ ಸಮುದ್ರದಲ್ಲಿ, ಕ್ಯೂಬಾದ ದಕ್ಷಿಣಕ್ಕೆ, ಲಿಟಲ್ ಕೇಮನ್ ಎಂಬ ಪುಟ್ಟ ದ್ವೀಪವಿದೆ. ಉದ್ದ ಹದಿನಾರು ಕಿಲೋಮೀಟರ್, ಸರಾಸರಿ ಅಗಲ ಎರಡು ಕಿಲೋಮೀಟರಿಗೂ ಕಡಿಮೆ. ಜನಸಂಖ್ಯೆ ಇನ್ನೂರರ ಆಸುಪಾಸು. ಸಣ್ಣ ವಿಮಾನದಿಂದ ಇಳಿದು ಹೊರಟವರಿಗೆ ‘ಇಗ್ವಾನಾಗಳಿಗೆ ಮೊದಲು ದಾರಿ’ ಎಂಬ ಫಲಕ ಎದುರಾಗುತ್ತದೆ. ಉಡದ ದೂರದ ನೆಂಟನಂತಿರುವ ಈ ಪ್ರಾಣಿ ರಸ್ತೆಯಲ್ಲಿ ಬಿಸಿಲು ಕಾಯಿಸುತ್ತ ಬಿದ್ದಿದ್ದರೆ ವಾಹನವೇ ನಿಲ್ಲಬೇಕು. ಒಳಗಿನ ಕೊಳದ ಸುತ್ತ ಕೆಂಪು ಕಾಲಿನ ಬೂಬಿ ಹಕ್ಕಿಗಳು ಸಾವಿರಗಟ್ಟಲೆ ಗೂಡು ಕಟ್ಟುತ್ತವೆ.

ದ್ವೀಪದ ದೊಡ್ಡ ಜಾತ್ರೆ ಮಾತ್ರ ನಡೆಯುವುದು ನೀರಿನೊಳಗೆ. ಪಶ್ಚಿಮದ ತುದಿಯಲ್ಲಿ, ಹವಳದ ದಂಡೆ ಮುಗಿದು ಕಡಲು ಏಕಾಏಕಿ ಆಳಕ್ಕಿಳಿಯುವ ಅಂಚಿನಲ್ಲಿ, ಜನವರಿ ಅಥವಾ ಫೆಬ್ರುವರಿಯ ಹುಣ್ಣಿಮೆಯ ಹೊತ್ತಿಗೆ ನಸ್ಸಾವ್ ಗ್ರೂಪರ್ ಮೀನುಗಳು ಸೇರುತ್ತವೆ. ಮಂಗಳೂರು ಕಡೆ ‘ಮುರು’ ಎನ್ನುತ್ತಾರಲ್ಲ, ಅದೇ ಬಳಗ. ವರ್ಷವಿಡೀ ಹವಳದ ಸಂದಿಯಲ್ಲಿ ಒಂಟಿಯಾಗಿ ಬದುಕುವ ಮೀನಿಗೆ ಆ ಕೆಲವು ದಿನ ಗುಂಪು ಬೇಕು. ಮೈಮೇಲಿನ ಪಟ್ಟೆ ಮಾಸಿ ಬೆನ್ನು ಕಪ್ಪಾಗುತ್ತದೆ, ಹೊಟ್ಟೆ ಬೆಳ್ಳಗಾಗುತ್ತದೆ. ಹುಣ್ಣಿಮೆ ಕಳೆದು ಕೆಲವು ದಿನಕ್ಕೆ, ಹೊತ್ತು ಮುಳುಗುವಾಗ, ಹೆಣ್ಣು ಮೇಲಕ್ಕೆ ಚಿಮ್ಮುತ್ತದೆ, ಗಂಡುಗಳು ಬೆನ್ನಟ್ಟುತ್ತವೆ. ಸುತ್ತಲ ನೀರು ಹಾಲು ಬೆರೆಸಿದಂತಾಗುತ್ತದೆ.

ಗಾಳ ಹಾಕುವವನಿಗೆ ಇದಕ್ಕಿಂತ ಸುಲಭದ ಬೇಟೆ ಎಲ್ಲಿದೆ? 2001ರಲ್ಲಿ ಈ ಜಾಗ ಮೀನುಗಾರರ ಕಣ್ಣಿಗೆ ಬಿತ್ತು. ಆಗ ಅಲ್ಲಿದ್ದವು ಸುಮಾರು 7,000 ಮೀನು. ಎರಡೇ ಚಳಿಗಾಲದಲ್ಲಿ ಸುಮಾರು 4,000 ಮೀನು ದೋಣಿ ಸೇರಿದವು. ಅವರನ್ನು ದೂರುವುದು ಸುಲಭ. ಹಿರಿಯರು ಹಿಡಿದಂತೆಯೇ ಅವರೂ ಹಿಡಿದರು. ಆದರೆ ಕೇಮನ್ ದ್ವೀಪಗಳ ಇಂಥ ಇತರ ನೆಲೆಗಳು ಅಷ್ಟರಲ್ಲಾಗಲೇ ಬಹುಮಟ್ಟಿಗೆ ಬರಿದಾಗಿದ್ದವು. 2003ರಲ್ಲಿ ಸರ್ಕಾರ ಇಂಥ ನೆಲೆಗಳಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಿತು.

ಇಲ್ಲೊಂದು ತೊಡಕಿದೆ. ಮೊಟ್ಟೆಯೊಡೆದ ಮರಿಗಳು ಐದಾರು ವಾರ ನೀರಿನ ಸೆಳೆತಕ್ಕೆ ಸಿಕ್ಕಿ ತೇಲುತ್ತವೆ. ಅವೆಲ್ಲ ಪರದೇಶದ ಪಾಲಾಗುವುದಾದರೆ ಇಲ್ಲಿನವನು ಏಕೆ ಕೈಕಟ್ಟಿ ಕೂರಬೇಕು? ಹೊರಗಿನ ಮರಿಗಳು ತೇಲಿ ಬರುವುದಾದರೆ ಇಲ್ಲಿ ಉಳಿಸುವ ಗೊಡವೆಯಾದರೂ ಏಕೆ?

ಉತ್ತರದ ಒಂದು ಪಾಲು ಸಿಕ್ಕಿದ್ದು ಮೀನಿನ ಡಿಎನ್‌ಎಯಲ್ಲಿ. 9 ದೇಶಗಳ 19 ನೆಲೆಗಳಿಂದ ಪಡೆದ 620 ಮೀನುಗಳ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಎರಡು ಗುಂಪುಗಳ ನಡುವೆ ಮರಿಗಳ ಹೋಗುಬರವು ಧಾರಾಳವಾಗಿದ್ದರೆ ಅವುಗಳ ಡಿಎನ್‌ಎಯ ಗುರುತುಗಳು ಬೆರೆತುಹೋಗುತ್ತವೆ; ಅಪರೂಪವಾಗಿದ್ದರೆ ತಲೆಮಾರುಗಳು ಉರುಳಿದಂತೆ ಬೇರೆಬೇರೆಯಾಗುತ್ತವೆ. ಇಲ್ಲಿ ಕಂಡದ್ದು ಎರಡನೆಯದು. ಬೇಲಿಯೇ ಇಲ್ಲದ ನೀರಿನಲ್ಲಿ ಮೀನುಗಳು ಬೇರೆಬೇರೆ ಬಳಿಗಳಾಗಿ ಒಡೆದುಕೊಂಡಿದ್ದವು. ಕಡಲಿನ ಸುಳಿಗಳು, ಮರಿಗಳ ನಡವಳಿಕೆ ಇದಕ್ಕೆ ಕಾರಣವಿರಬೇಕೆಂಬುದು ವಿಜ್ಞಾನಿಗಳ ಊಹೆ. ಇನ್ನು ದೊಡ್ಡ ಮೀನುಗಳೋ, ಧ್ವನಿ ಹೊಮ್ಮಿಸುವ ಸಾಧನ ಅಳವಡಿಸಿ ಹಿಂಬಾಲಿಸಿದಾಗ, ಕೂಗಳತೆಯಲ್ಲಿರುವಂಥ ಕೇಮನ್ ಬ್ರ್ಯಾಕ್ ದ್ವೀಪಕ್ಕೂ ದಾಟಲಿಲ್ಲ. ಒಂದು ಬಳಿ ಅಳಿದರೆ ದೂರದ ಬಳಿ ಬಂದು ಆ ಜಾಗ ತುಂಬೀತೆಂದು ನೆಚ್ಚಿ ಕೂರುವಂತಿಲ್ಲ.

ನಿಷೇಧವೇನೋ ಬಂತು, ಮೀನು ಕೂಡಲೇ ಹೆಚ್ಚಲಿಲ್ಲ. ಮರಿ ಬೆಳೆದು ಸಂತಾನಕ್ಕೆ ಬರಲು ಹಲವು ವರ್ಷ ಬೇಕು. 2009ರಲ್ಲಿ ಇದ್ದದ್ದು ಸುಮಾರು 1,200 ಮಾತ್ರ. ಅಷ್ಟು ವರ್ಷ ಗಾಳ ಸುತ್ತಿಟ್ಟು ಕಾದವರ ತಾಳ್ಮೆ ದೊಡ್ಡದು. 2018ರ ಹೊತ್ತಿಗೆ ಸಂಖ್ಯೆ ಮತ್ತೆ 7,000 ಮುಟ್ಟಿತು.

2016ರ ನಿಯಮದಂತೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಈ ಮೀನನ್ನು ಮುಟ್ಟುವಂತಿಲ್ಲ. ಮೇ ತಿಂಗಳಲ್ಲಿ ದೋಣಿಗಳು ಹೊರಡುತ್ತವೆ. ದಿನಕ್ಕೆ ಒಂದು ದೋಣಿಗೆ ಐದೇ ಮೀನು. ಗಾಳಕ್ಕೆ ಸಿಕ್ಕಿದ್ದನ್ನು ಮೊದಲು ಅಳೆಯಬೇಕು: ಹದಿನಾರು ಇಂಚಿಗಿಂತ ಚಿಕ್ಕದಾದರೆ ನೀರಿಗೆ, ಇಪ್ಪತ್ತನಾಲ್ಕು ಇಂಚು ಮೀರಿದ್ದರೆ, ಎಷ್ಟೇ ಆಸೆಯಾದರೂ, ಅದೂ ನೀರಿಗೆ.