ಇರಲಿ ಬಿಡು

ನ್ಯೂ ಟೌನಿನ ಆಫೀಸಿನಲ್ಲಿ ನಾನು ಮೊದಲು ಕಲಿತ ಬಂಗಾಳಿ ಮಾತು ‘ಥಾಕ್ ನಾ’. ನಮ್ಮ ‘ಇರಲಿ ಬಿಡು’ ಇದೆಯಲ್ಲ, ಅದೇ. ಲಿನಕ್ಸ್ ಕರ್ನಲ್‌ನ ಕಾನ್ಫಿಗ್ ಫೈಲಿನಿಂದ ಹಳೆಯ ಸಾಲುಗಳನ್ನು ಕಿತ್ತುಹಾಕುತ್ತೇನೆ ಅಂದಾಗ ಟೀಮಿನ ಹಿರಿಯ ದಾದಾ ಹೇಳಿದ್ದೂ ಅದನ್ನೇ.

ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಯಾವ ಡ್ರೈವರ್ ಬೇಕು, ಯಾವ ಸೌಲಭ್ಯ ಬೇಡ ಎಂದು ಹೇಳಲು ಕರ್ನಲ್‌ನಲ್ಲಿ ಸಾವಿರಾರು ಆಯ್ಕೆಗಳಿವೆ. ಅದರಲ್ಲೊಂದನ್ನು ಅವರು ತೆಗೆದುಹಾಕಿದರೂ ನಮ್ಮ ಫೈಲಿನಲ್ಲಿ ಹೆಸರು ಉಳಿದೇ ಇರುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಗುರುತು ಸಿಗದ ಹೆಸರನ್ನು ಬಿಲ್ಡ್ ಸುಮ್ಮನೆ ದಾಟಿ ಹೋಗುತ್ತದೆ. ಅಮ್ಮನ ಗೊಂಚಲಿನಲ್ಲಿ ಬೀಗವೇ ಇಲ್ಲದ ನಾಲ್ಕು ಬೀಗದ ಕೈಗಳಿದ್ದ ಹಾಗೆ.

ತೆಗೆಯುವವರು ಮುಲಾಜು ನೋಡುವುದಿಲ್ಲ. ಲಿನುಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆಯಲು ಶುರುಮಾಡಿದ್ದೇ 386 ಪ್ರೊಸೆಸರಿನ ಮೇಲೆ. 2013ರ 3.8 ಆವೃತ್ತಿಯಲ್ಲಿ ಆ 386ಕ್ಕೇ ಜಾಗ ಇಲ್ಲವಾಯಿತು. 2024ರ ಜನವರಿಯಲ್ಲಿ ಬಂದ 6.7ರಲ್ಲಿ ಇಟೇನಿಯಂ ಹೋಯಿತು. ಅಂಥ ದೊಡ್ಡವು ಹೋದರೆ ಗೊತ್ತಾದರೂ ಆಗುತ್ತದೆ. ಸದ್ದಿಲ್ಲದೆ ಹೆಸರು ಬದಲಿಸಿಕೊಳ್ಳುವವುಗಳದ್ದೇ ಕಾಟ.

ನಾನು ಹಟ ಹಿಡಿಯಲು ಕಾರಣವಿತ್ತು. ಹಿಂದಿನ ವರ್ಷ ನಮ್ಮ ಡಬ್ಬಿಯನ್ನು 4.9ರಿಂದ 5.10ಕ್ಕೆ ಏರಿಸಿದ್ದು ನಾನೇ. ಹಳೆಯ ಫೈಲನ್ನು ಹಾಗೇ ಕಾಪಿ ಮಾಡಿದ್ದೆ. ಆಮೇಲೆ ಗ್ರಾಹಕರ ಬಳಿ ಡಬ್ಬಿಗಳು ಆಗೊಮ್ಮೆ ಈಗೊಮ್ಮೆ ಸ್ತಬ್ಧವಾಗಿ ನಿಲ್ಲತೊಡಗಿದವು. ಲಾಗ್‌ನಲ್ಲಿ ಒಂದಕ್ಷರವಿಲ್ಲ. ಹಾರ್ಡ್‌ವೇರ್ ತೊಂದರೆ ಎಂದು ಬರೆದುಕೊಟ್ಟೆ. ಹಾರ್ಡ್‌ವೇರ್ ಟೀಮಿನ ಸಹೋದ್ಯೋಗಿಯೊಬ್ಬರು ಮೂರು ವಾರ ಪವರ್ ಸಪ್ಲೈ ಅಳೆಯುತ್ತಾ ಕೂತರು, ಪಾಪ.

ಕರ್ನಲ್‌ನಲ್ಲಿ ಇಲ್ಲದ ಹೆಸರುಗಳನ್ನು ಸ್ಕ್ರಿಪ್ಟ್ ಹಾಕಿ ಹುಡುಕಿದೆ. 31 ಸಿಕ್ಕವು, ತೆಗೆದೆ. ಬಿಲ್ಡ್‌ನಲ್ಲಿ ತಯಾರಾದ ಪೂರ್ತಿ ಕಾನ್ಫಿಗ್ಗನ್ನು ಮೊದಲಿನದರ ಜೊತೆ ತಾಳೆ ಹಾಕಿದರೆ ಒಂದು ಸಾಲೂ ಬದಲಾಗಿರಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಕೆಟ್ಟಿದ್ದೆ. ಯಾಕೋ ಇನ್ನೊಂದು ತಾಳೆಯನ್ನೂ ನೋಡೋಣ ಅನಿಸಿತು: ನಾವು ಕೇಳಿದ್ದೇನು, ಕೊನೆಗೆ ಸಿಕ್ಕಿದ್ದೇನು?

ಲಾಕಪ್ ಡಿಟೆಕ್ಟರ್ ಬೇಕು ಎಂದು ನಾವು ಬರೆದಿದ್ದೆವು. ಬಂದ ಫೈಲಿನಲ್ಲಿ ಅದು ಇರಲಿಲ್ಲ. ಸ್ಕ್ರಿಪ್ಟಿನ ಕಣ್ಣಿಗೆ ಬೀಳಲಿಲ್ಲ ಯಾಕೆಂದರೆ ಆ ಹೆಸರು ಕರ್ನಲ್‌ನಲ್ಲಿ ಇನ್ನೂ ಇದೆ. 2017ರ 4.13ರಲ್ಲಿ ಅದನ್ನು ಸಾಫ್ಟ್ ಲಾಕಪ್, ಹಾರ್ಡ್ ಲಾಕಪ್ ಎಂದು ಪಾಲು ಮಾಡಿದರು. ಈ ಎರಡರಲ್ಲೊಂದನ್ನು ಆರಿಸಿದರೆ ಹಳೆಯದು ತಾನಾಗಿ ಆನ್ ಆಗುತ್ತದೆ. ನೇರವಾಗಿ ಅದನ್ನೇ ಕೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಾಫ್ಟ್ ಲಾಕಪ್ ಡಿಟೆಕ್ಟರಿನ ಕೆಲಸ ಇಷ್ಟೇ: ಕರ್ನಲ್‌ನೊಳಗಿನ ಕೋಡ್ ಒಂದು ಸಿಪಿಯುವನ್ನು 20 ಸೆಕೆಂಡಿಗಿಂತ ಹೆಚ್ಚು ಹೊತ್ತು ಬಿಡದೆ ಹಿಡಿದುಕೊಂಡರೆ ಲಾಗ್‌ನಲ್ಲಿ ಕೂಗಿ ಹೇಳುವುದು. ಆ ಕಾವಲುಗಾರನನ್ನು ಒಂದು ವರ್ಷದ ಹಿಂದೆಯೇ ಮನೆಗೆ ಕಳಿಸಿದವನು ನಾನು.

ಹೊಸ ಹೆಸರು ಬರೆದು ಬಿಲ್ಡ್ ಕಳಿಸಿದ ಒಂಬತ್ತನೆಯ ದಿನ ಲಾಗ್ ಬಂತು. ಸಿಕ್ಕಿಬಿದ್ದದ್ದು ನಮ್ಮದೇ ಡ್ರೈವರ್, ನಾನೇ ಬರೆದ ಒಂದು ಲೂಪ್.

ಸಂಜೆ ಸಂದೇಶ್ ಕಟ್ಟಿಸಿಕೊಂಡು ಹಾರ್ಡ್‌ವೇರ್ ಟೀಮಿನವರ ಮೇಜಿಗೆ ಹೋಗಿ ಎಲ್ಲಾ ಹೇಳಿದೆ. ಅವರು ಒಂದು ಸಂದೇಶ್ ತೆಗೆದುಕೊಂಡು ನಿಧಾನವಾಗಿ ತಿಂದರು. “ಪವರ್ ಸಪ್ಲೈ ಸರಿಯಾಗಿದೆ ಅಂತ ಮೊದಲನೇ ದಿನವೇ ಮೇಲ್ ಮಾಡಿದ್ದೆ,” ಅಂದರು.