ಯೋಹಾನನೆಂಬ ಹೆಸರಿನ ದೇಶಸಂಚಾರ

ಶಿಶುವಿಗೆ ತಂದೆತಾಯಿಗಳು ಕೊಡುವ ಮೊದಲನೆಯ ಆಸ್ತಿಯೆಂದರೆ ಹೆಸರು. ಹೊಲಮನೆಗಳು ಪಾಲಾಗಬಹುದು, ಒಡವೆವಸ್ತುಗಳು ಅಡವು ಹೋಗಬಹುದು, ಹೆಸರು ಮಾತ್ರ ಕಡೆಯವರೆಗೂ ಕೆಡದೆ ಉಳಿಯುವುದೆಂದು ಗೃಹಸ್ಥರ ನಂಬಿಕೆ. ಆದರೆ ಹೆಸರೂ ದೇಶಕಾಲಗಳಿಗೆ ವಶವಾದ ಪದಾರ್ಥವೇ ಸರಿ. ಅದು ಬಾಯಿಂದ ಬಾಯಿಗೆ ದಾಟುವಾಗ ಸವೆಯುವುದು, ಬೆಳೆಯುವುದು, ಕೆಲವೊಮ್ಮೆ ಗುರುತೇ ಸಿಕ್ಕದಂತೆ ವೇಷ ಮರೆಸಿಕೊಳ್ಳುವುದು. ಕರಾವಳಿಯ ಶಾಲೆಯೊಂದರಲ್ಲಿ ಮೂವತ್ತಕ್ಕೂ ಮಿಕ್ಕ ವರ್ಷಗಳ ಕಾಲ ಹಾಜರಿ ಕೂಗಿದ ನಮಗೆ ಇದು ನಿತ್ಯದ ಅನುಭವವಾಗಿದ್ದಿತು. ಒಂದು ವರ್ಷ ಒಂದೇ ತರಗತಿಯಲ್ಲಿ ಜಾನ್, ಐವನ್, ಯಹ್ಯಾ ಎಂಬ ಮೂವರು ಹುಡುಗರೂ ಜೇನ್, ಜೆನೆಟ್ ಎಂಬ ಇಬ್ಬರು ಹುಡುಗಿಯರೂ ಕುಳಿತಿದ್ದರು. ಐವರೂ ಒಂದೇ ಮನೆಯ ಒಕ್ಕಲೆಂಬುದನ್ನು ಅವರು ಅರಿಯರು. ಆ ಹೆಸರಿನ ವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದು ಬಹುದಿನಗಳಿಂದ ನಮ್ಮ ಮನಸ್ಸಿನಲ್ಲಿದ್ದಿತು.

ಇದರ ಮೂಲವು ಯೆಹೂದ್ಯರ ಹೀಬ್ರೂ ಭಾಷೆ. ಅಲ್ಲಿ ಇದರ ರೂಪ ಯೋಹಾನಾನ್. ಪೂರ್ಣವಾಗಿ ಹೇಳುವುದಾದರೆ ಯೆಹೋಹಾನಾನ್. ಪೂರ್ವಪದವು ಅವರ ದೇವರ ಹೆಸರಿನ ಸಂಕ್ಷೇಪ. ಉತ್ತರಪದವು ‘ಕೃಪೆದೋರಿದನು’ ಎಂಬರ್ಥದ ಕ್ರಿಯಾಪದ. ನಡುವಣ ಹಕಾರವು ನಮ್ಮ ಹಕಾರಕ್ಕಿಂತಲೂ ಗಂಟಲಿನ ಒಳಗಿನಿಂದ ಹೊರಡತಕ್ಕದ್ದು. ಒಟ್ಟಿನಲ್ಲಿ ಇದು ನಮ್ಮ ದೇವಪ್ರಸಾದ, ಹರಿಪ್ರಸಾದ ಎಂಬ ಹೆಸರುಗಳ ಜಾತಿಯದೇ. ಇದೇ ಎರಡು ಪದಗಳನ್ನು ಹಿಂದುಮುಂದು ಮಾಡಿದರೆ ದಾನಿಯೇಲನ ಗ್ರಂಥದಲ್ಲಿ ಬರುವ ಹನನ್ಯನೆಂಬ ಹೆಸರಾಯಿತು. ಕೃಪೆಯ ಧಾತುವನ್ನು ತೆಗೆದು ‘ಕೊಟ್ಟನು’ ಎಂಬ ಧಾತುವನ್ನಿಟ್ಟರೆ ಯೋನಾತಾನನಾಗುವನು; ಅವನು ನಮ್ಮ ವ್ಯಾಕರಣ ಗ್ರಂಥಗಳಲ್ಲಿ ಹೆಜ್ಜೆ ಹೆಜ್ಜೆಗೂ ಎದುರಾಗುವ ದೇವದತ್ತನಲ್ಲದೆ ಬೇರೆಯಲ್ಲ. ಹನ್ನಾ ಎಂಬ ಸ್ತ್ರೀನಾಮವೂ ಅದರಿಂದ ಹುಟ್ಟಿದ ಅನ್ನಾ ಎಂಬುದೂ ಇದೇ ಕೃಪಾಧಾತುವಿನ ಮಕ್ಕಳು. ಇನ್ನೊಂದು ಸೋಜಿಗವುಂಟು. ರೋಮನರನ್ನು ನಡುಗಿಸಿದ ಕಾರ್ಥೇಜಿನ ಹ್ಯಾನಿಬಲ್ಲನ ಭಾಷೆಯು ಹೀಬ್ರೂವಿಗೆ ಸೋದರಿ. ಅವನ ಹೆಸರಿನ ಮೊದಲರ್ಧವು ಇದೇ ಧಾತು, ಉಳಿದರ್ಧ ಬಾಲನೆಂಬ ದೇವತೆಯ ಹೆಸರು. ಯೆಹೂದ್ಯ ಪ್ರವಾದಿಗಳು ಯಾವ ಬಾಲನ ಪೂಜೆಯನ್ನು ಜನ್ಮವೆಲ್ಲ ಖಂಡಿಸಿದರೋ ಅವನ ಕೃಪೆಯನ್ನು ಹೊತ್ತವನೂ, ಯೆಹೋವನ ಕೃಪೆಯನ್ನು ಹೊತ್ತವನೂ ವೈಯಾಕರಣನ ಪಂಕ್ತಿಯಲ್ಲಿ ಅಕ್ಕಪಕ್ಕದ ಎಲೆಗೇ ಕುಳಿತುಕೊಳ್ಳುತ್ತಾರೆ.

ಈ ಹೆಸರು ಲೋಕದಲ್ಲೆಲ್ಲ ಹರಡಿದುದು ಇಬ್ಬರಿಂದ: ಯೇಸುವಿನ ಶಿಷ್ಯನಾದ ಯೋಹಾನ, ಅವನಿಗಿಂತ ಹಿರಿಯನಾದ ಸ್ನಾನಿಕನಾದ ಯೋಹಾನ. ಎರಡನೆಯವನ ನಾಮಕರಣದ ಪ್ರಸಂಗವು ಲೂಕನ ಸುವಾರ್ತೆಯಲ್ಲಿ ಬರುವುದು. ಮುದುಕನಾದ ಜಕರೀಯನಿಗೆ ಗಂಡುಮಗು ಹುಟ್ಟಿದಾಗ ನೆಂಟರಿಷ್ಟರೆಲ್ಲರೂ ಸೇರಿ, ತಂದೆಯ ಹೆಸರನ್ನೇ ಇಡಬೇಕೆಂದು ನಿಶ್ಚಯಿಸಿದರು. ತಾಯಿಯು ಒಪ್ಪದೆ, ಯೋಹಾನನೆಂದೇ ಕರೆಯಬೇಕೆಂದಳು. ನಿಮ್ಮ ಬಳಗದಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲಾ ಎಂದು ನೆಂಟರ ಆಕ್ಷೇಪ. ದೇವದೂತನ ಮಾತನ್ನು ನಂಬದೆ ಮೂಕನಾಗಿದ್ದ ತಂದೆಯು ಬರೆಯುವ ಹಲಗೆಯನ್ನು ತರಿಸಿ, ಮಗುವಿನ ಹೆಸರು ಯೋಹಾನನೆಂದು ಬರೆದನು; ಒಡನೆಯೇ ಅವನ ನಾಲಗೆ ಸಡಿಲವಾಯಿತು. ಹೆಸರಿಡುವ ದಿನ ನೆಂಟರ ಬಾಯಿಗೆ ಬೀಗ ಹಾಕುವುದು ಯಾವ ಕಾಲದಲ್ಲಿಯೂ ಯಾವ ದೇಶದಲ್ಲಿಯೂ ಸುಲಭವಾಗಿರಲಿಲ್ಲವೆಂದು ಇದರಿಂದ ತೋರುವುದು.

ಹೀಬ್ರೂವಿನಿಂದ ಹೆಸರು ಮೊದಲು ಗ್ರೀಕರ ಕೈಗೆ ಬಂದಿತು. ಗ್ರೀಕು ಲಿಪಿಯಲ್ಲಿ ಆ ಗಂಟಲ ಹಕಾರಕ್ಕೆ ಅಕ್ಷರವೇ ಇಲ್ಲ. ಆದುದರಿಂದ ಅದು ಲೋಪವಾಯಿತು. ಮೇಲಾಗಿ, ವಿಭಕ್ತಿ ಹತ್ತದ ಶಬ್ದವನ್ನು ಅವರು ವಾಕ್ಯದೊಳಕ್ಕೆ ಬಿಟ್ಟುಕೊಳ್ಳುವವರಲ್ಲ. ನಾವು ಇಂಗ್ಲೀಷಿನ ಬಸ್ಸಿಗೂ ಕಾರಿಗೂ ಕೊನೆಯಲ್ಲಿ ಒಂದು ಉಕಾರವನ್ನು ಅಂಟಿಸಿಕೊಳ್ಳುವಂತೆ ಅವರು ಕೊನೆಗೆ ಸಕಾರವನ್ನು ಸೇರಿಸಿ ‘ಇಓಆನ್ನೇಸ್’ ಎಂದರು. ಲ್ಯಾಟಿನ್ ಪಂಡಿತರು ಹಕಾರವನ್ನು ಮರಳಿ ತಂದು ‘ಯೋಹಾನ್ನೇಸ್’ ಎಂದು ಬರೆದರು. ಈಗ ಇಂಗ್ಲೀಷಿನ ಜಾನನ ನಡುವೆ ಯಾರೂ ಉಚ್ಚರಿಸದ ಹಕಾರವೊಂದು ಮೂಕವಾಗಿ ಕುಳಿತಿರುವುದಷ್ಟೆ. ಅದು ಈ ಪಂಡಿತರ ಸ್ಮಾರಕ.

ಇಲ್ಲಿಂದ ಮುಂದಿನ ದಾರಿ ಕನ್ನಡ ವಾಚಕರಿಗೆ ಬಹಳ ಪರಿಚಿತವಾದುದು. ಓಕಾರದ ಮುಂದೆ ಆಕಾರವು ಬಂದು ನಿಂತಾಗ ನಾಲಗೆ ಏನು ಮಾಡುವುದು? ‘ಗುರು’ವಿಗೆ ‘ಅನ್ನು’ ಸೇರಿ ‘ಗುರುವನ್ನು’ ಆಗುವಂತೆ, ನಡುವೆ ಒಂದು ವಕಾರವನ್ನು ತಂದುಕೊಳ್ಳುವುದು. ಶಾಲೆಯ ಹುಡುಗರಿಗೆ ವಕಾರಾಗಮ ಸಂಧಿಯೆಂದು ನಾವು ಬಾಯಿಪಾಠ ಮಾಡಿಸುವ ಈ ನಿಯಮವನ್ನು ಸರ್ಬಿಯದವರು ಯಾರಿಂದಲೂ ಕಲಿಯದೆ ‘ಯೋವಾನ್’ ಎಂದರು. ಇಟಲಿಯವರು ‘ಜೊವಾನ್ನಿ’ ಎಂದರು. ರಷ್ಯದವರು ‘ಇವಾನ್’ ಎಂದರು. ವೇಲ್ಸಿನ ಎವನ್‌ನಲ್ಲಿಯೂ ಅದೇ ವಕಾರ. 1547ರಲ್ಲಿ ರಷ್ಯದ ಸಿಂಹಾಸನದಲ್ಲಿ ಅಭಿಷಿಕ್ತನಾಗಿ ಕ್ರೌರ್ಯಕ್ಕೆ ಹೆಸರಾದ ನಾಲ್ಕನೆಯ ಇವಾನನ ಹೆಸರಿನ ಅರ್ಥವೂ ಕೃಪೆಯೆಂಬುದನ್ನು ನೆನೆದರೆ ಯಥಾನಾಮ ತಥಾ ಗುಣವೆಂಬ ಮಾತು ಎಲ್ಲರಿಗೂ ಅನ್ವಯಿಸದೆಂದು ಹೇಳಬೇಕಾಗುವುದು.

ಎರಡನೆಯ ಮಾರ್ಪಾಡು ಯಕಾರವು ಜಕಾರವಾದದ್ದು. ಇದು ಸಂಸ್ಕೃತದಿಂದ ಪ್ರಾಕೃತಕ್ಕಿಳಿಯುವಾಗ ನಡೆದ ವ್ಯಾಪಾರವೇ. ಯಾತ್ರೆಯು ಜಾತ್ರೆಯಾಯಿತು, ಯೋಗಿಯು ಜೋಗಿಯಾದನು, ಯಮನು ಕನ್ನಡದಲ್ಲಿ ಜವರಾಯನಾದನು. ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಇಂತಹ ತದ್ಭವಗಳ ಕ್ರಮವನ್ನು ನಿರೂಪಿಸಿರುವನು. ಫ್ರಾನ್ಸಿನವರು ಇದೇ ಕ್ರಮದಲ್ಲಿ ಹೆಸರನ್ನು ಜಕಾರದಿಂದ ಆರಂಭಿಸಿದರು. ನಾರ್ಮನರ ಮೂಲಕ ಅದು ಇಂಗ್ಲೆಂಡಿಗೆ ಹೋಗಿ ಜಾನ್ ಆಯಿತು. ಅಕ್ಷರವಾದರೋ ಉಚ್ಚಾರಣೆಗಿಂತ ಮಂದಗಾಮಿ. 1611ರ ಇಂಗ್ಲೀಷು ಬೈಬಲಿನ ಮುದ್ರಣದಲ್ಲಿಯೂ ಜಾನನ ಹೆಸರು ಐ ಎಂಬ ಅಕ್ಷರದಿಂದಲೇ ಮೊದಲಾಗುವುದು. ಸ್ಪೇನಿನವರು ಇದನ್ನು ‘ಹುವಾನ್’ ಎನ್ನುತ್ತಾರೆ. ಗ್ರೀಕರು ಕಳೆದ ಹಕಾರವು ಇಲ್ಲಿ ಹೆಬ್ಬಾಗಿಲಿನಿಂದ ಮರಳಿ ಬಂದಿತೆಂದು ಭ್ರಮಿಸಬಾರದು. ಅದು ಅವರ ಜಕಾರವೇ ಗಂಟಲಿಗೆ ಸರಿದುದು.

ಮೊಟಕುಗೊಳಿಸುವ ಪದ್ಧತಿಯೂ ಎಲ್ಲೆಡೆಯಲ್ಲಿಯೂ ಉಂಟು. ದೇವದತ್ತನನ್ನು ದತ್ತನೆಂದೂ ಸತ್ಯಭಾಮೆಯನ್ನು ಭಾಮೆಯೆಂದೂ ಕರೆಯಬಹುದೆಂದು ಪತಂಜಲಿಯು ಮಹಾಭಾಷ್ಯದಲ್ಲಿ ಹೇಳಿರುವನು. ಜರ್ಮನರು ಅವನ ಅಪ್ಪಣೆಯನ್ನು ಪಡೆದವರಂತೆ ಯೋಹಾನ್ನೇಸ್ ಎಂಬುದರ ತಲೆಯನ್ನು ಬಿಟ್ಟು ಬಾಲವನ್ನು ಹಿಡಿದು ‘ಹಾನ್ಸ್’ ಎಂದರು. ಡಚ್ಚರು ಬಾಲವನ್ನು ಬಿಟ್ಟು ತಲೆಯನ್ನು ಹಿಡಿದು ‘ಯಾನ್’ ಎಂದರು. ಇಂಗ್ಲೀಷರ ಜ್ಯಾಕ್ ಕೂಡ ಜಾನನ ಮುದ್ದಿನ ರೂಪವೇ. ಶಾಕುಂತಲವನ್ನು ಹೊಗಳಿದ ಗಯಟೆಯ ಮೊದಲ ಹೆಸರು ಯೋಹಾನ್; 1431ರಲ್ಲಿ ಚಿತೆಗೇರಿದ ಫ್ರಾನ್ಸಿನ ವೀರಕನ್ಯೆ ಜಾನ್ ದಾರ್ಕಳದು ಇದೇ ಹೆಸರಿನ ಸ್ತ್ರೀಲಿಂಗ. ಪೋಪರಲ್ಲಂತೂ 23ನೆಯ ಜಾನನವರೆಗೆ ಎಣಿಕೆ ಬಂದಿದೆ. ಆದರೆ ನಡುವೆ 20ನೆಯ ಜಾನನೇ ಇಲ್ಲ. ಹಾಜರಿ ಪುಸ್ತಕದಲ್ಲಿ ಹೀಗೆ ಕ್ರಮಸಂಖ್ಯೆ ತಪ್ಪಿದ್ದರೆ ನಮ್ಮ ಕಾಲದ ಇನ್‌ಸ್ಪೆಕ್ಟರುಗಳು ಸುಮ್ಮನೆ ಬಿಡುತ್ತಿರಲಿಲ್ಲ.

ಪೂರ್ವದಿಕ್ಕಿನ ಪಯಣವು ಬೇರೆ ದಾರಿಯದು. ಅರಬ್ಬೀ ಕ್ರೈಸ್ತರಲ್ಲಿ ಯೂಹನ್ನಾ ಎಂದಿರುವುದು. ಕುರಾನಿನಲ್ಲಿ ಸ್ನಾನಿಕನಿಗೆ ಯಹ್ಯಾ ಎಂದು ಹೆಸರು. ಅದಕ್ಕೆ ‘ಜೀವಿಸುವನು’ ಎಂಬ ಅರ್ಥವನ್ನು ಅರಬ್ಬೀ ಧಾತುವಿನಿಂದ ಹೇಳುವರು. ದಮಾಸ್ಕಸ್ಸಿನ ದೊಡ್ಡ ಮಸೀದಿಯೊಳಗೆ ಅವನ ಶಿರಸ್ಸಿನದೆಂದು ನಂಬಲಾದ ಸಮಾಧಿಯೊಂದುಂಟು. ಕ್ರೈಸ್ತರೂ ಮುಸಲ್ಮಾನರೂ ಅದನ್ನು ಗೌರವಿಸುತ್ತಾರೆ. ಸುರಿಯಾನಿ ಭಾಷೆಯ ಮೂಲಕ ಕೇರಳಕ್ಕೆ ಬಂದ ಹೆಸರು ಯೋಹನ್ನಾನ್ ಎಂದೂ ಉಲಹನ್ನಾನ್ ಎಂದೂ ಆಯಿತು. ಪೋರ್ಚುಗೀಜರ ‘ಜುವಾವ್ಞ್’ ಎಂಬ ಅನುನಾಸಿಕ ರೂಪವು ಗೋವೆಯಿಂದ ಮಂಗಳೂರಿನವರೆಗೂ ಕೊಂಕಣಿಗರ ಬಾಯಲ್ಲಿ ‘ಜುವಾಂವ್’ ಆಯಿತು. ಜೂನ್ 24ನೆಯ ದಿನ ಗೋವೆಯ ತರುಣರು ತಲೆಗೆ ಹೂಬಳ್ಳಿಯ ಕಿರೀಟವನ್ನು ಧರಿಸಿ ತುಂಬಿದ ಬಾವಿಗಳಿಗೆ ಹಾರಿ ಸಾಂವ್ ಜುವಾಂವನ ಹಬ್ಬವನ್ನಾಚರಿಸುವರು. ಹೊಸ ಅಳಿಯಂದಿರಿಗೆ ಅಂದು ವಿಶೇಷ ಉಪಚಾರ. ನಮ್ಮ ಕನ್ನಡ ಬೈಬಲು ಮಾತ್ರ ಇವೆಲ್ಲವನ್ನೂ ಬಿಟ್ಟು ಮೂಲದ ಸಮೀಪಕ್ಕೆ ಹೋಗಿ ‘ಯೋಹಾನ’ ಎಂದಿತು. ಬಳ್ಳಾರಿಯಲ್ಲಿದ್ದು ಬೈಬಲನ್ನು ಕನ್ನಡಿಸಿದ ಪಾದ್ರಿ ಹ್ಯಾಂಡ್ಸರ ಸ್ವಂತ ಹೆಸರೂ ಜಾನ್ ಎಂಬುದು ಇಲ್ಲಿ ಸ್ಮರಣೀಯ.

ಇಷ್ಟೆಲ್ಲ ಶಬ್ದವಿಚಾರದಿಂದ ಗೃಹಸ್ಥನಿಗೆ ಪ್ರಯೋಜನವೇನೆಂದು ಯಾರಾದರೂ ಕೇಳಬಹುದು. ನಮ್ಮ ಹಳೆಯ ಶಿಷ್ಯನೊಬ್ಬನ ಸಂಗತಿಯನ್ನು ಹೇಳುತ್ತೇವೆ. ಅವನ ತಂದೆಗೆ ಸ್ವಲ್ಪ ಅಡಕೆ ತೋಟವಿದ್ದಿತು. ತಂದೆಯು ತೀರಿಕೊಂಡ ಬಳಿಕ ಪೌತಿ ಖಾತೆಗಾಗಿ ಮಗನು ಅರ್ಜಿ ಹಾಕಿದನು. ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕದಲ್ಲಿ ಲ್ಯಾಟಿನ್ ರೂಪದಲ್ಲಿ ಜೊವಾನ್ನೇಸ್, ಪಹಣಿಯಲ್ಲಿ ಜುವಾಂವ್, ಮರಣಪತ್ರದಲ್ಲಿ ಜಾನ್. ಸಂಬಂಧಪಟ್ಟ ಕಚೇರಿಯವರು ಇವರು ಮೂವರು ಬೇರೆ ಬೇರೆ ವ್ಯಕ್ತಿಗಳೆಂದು ಅರ್ಜಿಯನ್ನು ಹಿಂದಿರುಗಿಸಿದರು. ಹುಡುಗನು ಕಾಗದಗಳ ಚೀಲದೊಂದಿಗೆ ನಮ್ಮಲ್ಲಿಗೆ ಬಂದು, “ಮಾಸ್ಟ್ರೇ, ನನಗೆ ಮೂವರು ಅಪ್ಪಂದಿರು ಎನ್ನುತ್ತಾರೆ” ಎಂದಾಗ ನಗಬೇಕೋ ಅಳಬೇಕೋ ತಿಳಿಯದಾಯಿತು. ನಾವು ಎರಡು ಪುಟದ ಪತ್ರವನ್ನು ಬರೆದುಕೊಟ್ಟೆವು. 1497ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಿಂದ ಹೊರಟು ಉತ್ತರ ಅಮೆರಿಕದ ತೀರವನ್ನು ಮುಟ್ಟಿದ ನಾವಿಕನನ್ನು ಇಟಲಿಯವರು ಜೊವಾನ್ನಿ ಕಬೋಟೊ ಎಂದೂ, ವೆನಿಸ್ಸಿನವರು ಜುವಾನ್ ಎಂದೂ, ಇಂಗ್ಲೀಷರು ಜಾನ್ ಕ್ಯಾಬಟ್ ಎಂದೂ ಬರೆದಿರುವರು. ಅವರು ಮೂವರೆಂದು ಯಾವ ಚರಿತ್ರಕಾರನೂ ಹೇಳಿಲ್ಲವೆಂದು ಅದರಲ್ಲಿ ವಿವರಿಸಿದೆವು. (ಅವನ ಹಡಗಿನ ಹೆಸರು ಮ್ಯಾಥ್ಯೂ, ಅದೂ ಹೀಬ್ರೂ ದೇವದತ್ತನೇ. ಆದರೆ ಅದನ್ನು ಪತ್ರದಲ್ಲಿ ಬರೆಯಲಿಲ್ಲ.) ಪತ್ರವನ್ನೋದಿದ ಅಧಿಕಾರಿಯು ವಿನಯದಿಂದಲೇ, ಇದು ಪಾಂಡಿತ್ಯ, ಪುರಾವೆಯಲ್ಲ ಎಂದರಂತೆ. ನೋಟರಿಯ ಪ್ರಮಾಣಪತ್ರ, ವಂಶವೃಕ್ಷ, ಸಾಕ್ಷಿಗಳ ಹೇಳಿಕೆ ಎಲ್ಲವೂ ಆಗಿ ಖಾತೆ ಬದಲಾಗುವುದಕ್ಕೆ ಎರಡು ವರ್ಷ ಹಿಡಿಯಿತು. ಅಷ್ಟರೊಳಗೆ ತೋಟದ ಮೇಲೆ ಸಾಲವೆತ್ತಲಾರದೆ, ತಂಗಿಯ ಕಾಲೇಜು ಶುಲ್ಕಕ್ಕಾಗಿ ತಾಯಿಯ ಬಳೆಗಳು ಅಡವು ಹೋದುವು. ಅವುಗಳಲ್ಲಿ ಒಂದು ಜೊತೆ ಮರಳಿ ಬರಲಿಲ್ಲ. ಮನೆಯ ಮಕ್ಕಳ ಹೆಸರನ್ನು ಜನನಪತ್ರದಲ್ಲಿ ಹೇಗಿದೆಯೋ ಹಾಗೆಯೇ, ಒಂದಕ್ಷರವೂ ವ್ಯತ್ಯಾಸವಿಲ್ಲದೆ, ಎಲ್ಲ ಕಡೆಯಲ್ಲಿಯೂ ಬರೆಯಿಸಬೇಕೆಂದು ನಾವು ಅಂದಿನಿಂದ ಕಂಡವರಿಗೆಲ್ಲ ಹೇಳುತ್ತಿದ್ದೇವೆ.

ಕೆಲವು ವರ್ಷಗಳು ಕಳೆದು ಅದೇ ಶಿಷ್ಯನಿಗೆ ಗಂಡುಮಗುವಾಯಿತು. ಚೊಚ್ಚಲು ಗಂಡಿಗೆ ತಂದೆಯ ತಂದೆಯ ಹೆಸರಿಡುವುದು ಅವರಲ್ಲಿ ಹಿಂದಿನಿಂದ ಬಂದ ಪದ್ಧತಿ. ದಂಪತಿಗಳಾದರೋ ಚಿಕ್ಕದಾದ ಹೊಸ ಹೆಸರು ಬೇಕೆಂದು ಇಯಾನ್ ಎಂದು ನಿಶ್ಚಯಿಸಿ ಜನನಪತ್ರದಲ್ಲಿಯೂ ಬರೆಯಿಸಿಬಿಟ್ಟಿದ್ದರು. ನಾವು ಮಗುವನ್ನು ನೋಡಲು ಹೋದಾಗ ಮುದುಕಿಯು ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. “ಅವರ ಹೆಸರಿಗಾಗಿ ಎರಡು ವರ್ಷ ಅಲೆದೆವು. ಈಗ ಅದು ಯಾರಿಗೂ ಬೇಡವಾಯಿತಲ್ಲ, ಮಾಸ್ಟ್ರೇ” ಎಂದು ಬಾಗಿಲ ಮರೆಯಿಂದಲೇ ಹೇಳಿದಳು. ಸೊಸೆಯು ತಲೆ ತಗ್ಗಿಸಿದಳು. ಆಗ ನಾವು, ಇಯಾನ್ ಎಂಬುದು ಸ್ಕಾಟ್ಲೆಂಡಿನ ಗುಡ್ಡಗಾಡಿನವರು ಯೋಹಾನನನ್ನು ಕರೆಯುವ ರೂಪವೆಂದೂ, ಮಗುವಿಗೆ ಅಜ್ಜನ ಹೆಸರೇ ಬಿದ್ದಿರುವುದೆಂದೂ ತಿಳಿಸಿದೆವು. ಮಗಸೊಸೆಯರಿಬ್ಬರಿಗೂ ಇದು ಹೊಸ ಸುದ್ದಿ. ಕಚೇರಿಗೆ ಬರೆದ ಹಳೆಯ ಪತ್ರದ ಪ್ರತಿಯು ಪೆಟ್ಟಿಗೆಯಲ್ಲಿದ್ದಿತು. ಮಗನು ಅದನ್ನು ತೆಗೆದು ತಾಯಿಗೆ ಕೊಂಕಣಿಯಲ್ಲಿ ಓದಿ ಹೇಳಿದನು. ಅವಳು ಹೊರಗೆ ಬಂದು, ಇದು ನಿಶ್ಚಯವೇ ಎಂದು ಎರಡು ಸಲ ಕೇಳಿದಳು. ನಿಶ್ಚಯವೆಂದೆವು. ತೊಟ್ಟಿಲಿನ ಬಳಿ ಕುಳಿತು, ಕಾಗದದಲ್ಲಿ ನೀವು ಏನನ್ನಾದರೂ ಬರೆದುಕೊಳ್ಳಿರಿ ಎಂದು ಮಗನಿಗೆ ಹೇಳಿ, ಮಗುವನ್ನು ಜುವಾಂವ್ ಎಂದು ಕರೆದಳು.